ಪಕ್ಕವಾದ್ಯದವರ ಪಿ-3 ವೀಸಾ: ನಾನು ಕಾಗದಪತ್ರ ಜೋಡಿಸುವ ಕ್ರಮ

ಅಮೆರಿಕದ ಸಂಗೀತ ಕಚೇರಿ ಪ್ರವಾಸಕ್ಕೆ ಬೆಂಗಳೂರಿನ ತಂಡದ ಕಾಗದಪತ್ರ ಜೋಡಿಸುವಾಗ ನಾನು ಮೊದಲು ಕೂರುವುದು ಪಿಟೀಲು, ಮೃದಂಗ, ಘಟದವರ ಜೊತೆ. ಗಾಯಕರ ಬಗ್ಗೆ ವಿಮರ್ಶೆ ಬೇಕಾದಷ್ಟು ಸಿಗುತ್ತದೆ. ಪಕ್ಕವಾದ್ಯದವರಿಗೆ ಅದರ ಕೊನೆಯಲ್ಲಿ ಒಂದು ಸಾಲು. ಅರ್ಜಿ ಸೊರಗುವುದು ಅಲ್ಲೇ.

ಬಿ1/ಬಿ2, ಅಂದರೆ ಸಂದರ್ಶಕರ ವೀಸಾದಲ್ಲಿ ಹೋಗಿ ಬಂದರಾಯಿತು ಎನ್ನುವವರ ಮಾತು ಕೇಳಬೇಡಿ. ವೃತ್ತಿ ಕಲಾವಿದರು ಸಂಭಾವನೆ ಬೇಡವೆಂದರೂ ಸಾಮಾನ್ಯವಾಗಿ ಅದರಲ್ಲಿ ಕಚೇರಿ ಮಾಡುವಂತಿಲ್ಲ. ನಮ್ಮ ಸಂಗೀತಕ್ಕೆ ಹೊಂದುವುದು ಸಾಂಸ್ಕೃತಿಕವಾಗಿ ವಿಶಿಷ್ಟವಾದ ಕಲೆಗಳಿಗಿರುವ ಪಿ-3. ಇದರ ಐ-129 ಅರ್ಜಿಯನ್ನು ಅಲ್ಲಿನ ಸಂಘಟಕರೋ ಏಜೆಂಟರೋ ಹಾಕಬೇಕು, ಕಲಾವಿದರು ತಾವೇ ಹಾಕಲು ಬರುವುದಿಲ್ಲ. ಕಾರ್ಯಕ್ರಮಕ್ಕೆ ಒಂದು ವರ್ಷ ಮೊದಲಿನಿಂದ ಹಾಕಬಹುದು. ಆರು ತಿಂಗಳಿಗಿಂತ ಕಡಿಮೆ ಇದ್ದರೆ ನನಗೆ ಧೈರ್ಯ ಬರುವುದಿಲ್ಲ. ಒಪ್ಪಂದ, ಊರು-ತಾರೀಖಿನ ಪಟ್ಟಿ, ಅಲ್ಲಿನ ಕಲಾವಿದರ ಯೂನಿಯನ್ನಿನ ಅಭಿಪ್ರಾಯ ಪತ್ರ, ತಜ್ಞರ ಪತ್ರ ಜೊತೆಗಿರಬೇಕು.

ತಜ್ಞರ ಪತ್ರದಲ್ಲಿ ಬರೀ ಹೊಗಳಿಕೆ ಇದ್ದರೆ ಉಪಯೋಗವಿಲ್ಲ. ಬರೆದವರ ಅರ್ಹತೆ ಏನು, ಈ ಕಲಾವಿದರ ವಾದನವನ್ನು ಎಲ್ಲೆಲ್ಲಿ ಕೇಳಿದ್ದಾರೆ, ತನಿ ಆವರ್ತನ (ಕಚೇರಿಯ ನಡುವೆ ತಾಳವಾದ್ಯದವರೇ ನುಡಿಸುವ ಭಾಗ) ಎಂದರೇನು, ಯಾರ ಬಳಿ ಪಾಠವಾಗಿದೆ, ಇಷ್ಟೂ ಬರಬೇಕು.

ಪಕ್ಕವಾದ್ಯದವರಿಗೆ ಒಳ್ಳೆಯ ಸಾಕ್ಷಿ ಎಂದರೆ ರಾಮೋತ್ಸವಗಳ ಆಹ್ವಾನ ಪತ್ರಿಕೆ. ಗಾಯನದ ಕೆಳಗೆ ಪಿಟೀಲು, ಮೃದಂಗ ಎಂದು ಹೆಸರು ಅಚ್ಚಾಗಿರುತ್ತದೆ. ಆದರೆ ಕೆಲವದರಲ್ಲಿ 'ವಿಶ್ವಾವಸು ಸಂವತ್ಸರದ ಚೈತ್ರ ಶುದ್ಧ ಪಂಚಮಿ' ಇರುತ್ತದೆ, ಇಸವಿಯೇ ಇರುವುದಿಲ್ಲ. ಅಧಿಕಾರಿಗೆ ಅದು 2025 ಎಂದು ತಿಳಿಯುವ ದಾರಿಯಿಲ್ಲ. ಅನುವಾದದಲ್ಲಿ ಇಂಗ್ಲಿಷ್ ತಾರೀಖನ್ನೂ ಬರೆಸಿ. ಕನ್ನಡದ ಪ್ರತಿ ಕಾಗದಕ್ಕೂ ಪೂರ್ಣ ಇಂಗ್ಲಿಷ್ ಅನುವಾದ ಬೇಕು. ಅನುವಾದ ಪೂರ್ಣ, ಸರಿಯಾಗಿದೆ, ತನಗೆ ಎರಡೂ ಭಾಷೆ ಬರುತ್ತದೆ ಎಂದು ಅನುವಾದಕರು ಸಹಿ ಹಾಕಬೇಕು. ನೋಟರಿ ಬೇಕಿಲ್ಲ.

ಇನ್ನು ಹೆಸರು. ಆಹ್ವಾನ ಪತ್ರಿಕೆಯಲ್ಲಿ 'ವಿದ್ವಾನ್' ಮತ್ತು ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಬಿಡಿಸಿ ಬರೆದದ್ದು. ಇಬ್ಬರೂ ಒಬ್ಬರೇ ಎಂದು ತಜ್ಞರ ಪತ್ರದಲ್ಲೇ ಒಂದು ವಾಕ್ಯ ಸೇರಿಸುತ್ತೇನೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದ್ದರೆ ಡಿಎಸ್-160ರಲ್ಲಿ (ಆನ್‌ಲೈನ್ ವೀಸಾ ಅರ್ಜಿ) ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಗಿವನ್ ನೇಮ್ ಜಾಗದಲ್ಲಿ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್) ಬರುತ್ತದೆ.

ಕಚೇರಿಗಳು ಶನಿವಾರ, ಭಾನುವಾರ ಮಾತ್ರ ಇದ್ದರೆ ನಡುವಿನ ದಿನಗಳಲ್ಲಿ ಪ್ರಯಾಣ, ಕಾರ್ಯಾಗಾರ ಏನಿದೆ ಎಂದು ಪಟ್ಟಿಯಲ್ಲೇ ನಮೂದಿಸಿ. ಸಂದರ್ಶನದಲ್ಲಿ ಘಟದವರನ್ನೂ ಮುಂದಿನ ಊರು ಯಾವುದು ಎಂದು ಕೇಳಬಹುದು. ಪಟ್ಟಿಯ ಒಂದೊಂದು ಪ್ರತಿ ಎಲ್ಲರ ಕೈಯಲ್ಲೂ ಇರಲಿ.