ಚೌಕಿಯ ತನಕ ಹೋದ ಕಿವಿ ಪರೀಕ್ಷೆ: ನನ್ನ ಅನುಭವ

ಕಾಸರಗೋಡಿನ ಗಡಿಭಾಗದಲ್ಲಿ ಶ್ರವಣತಜ್ಞನಾಗಿ ಕೆಲಸ ಮಾಡುವ ನನ್ನ ಬಳಿಗೆ ಬರುವವರಲ್ಲಿ ಯಕ್ಷಗಾನದಲ್ಲಿ ಹಾಡುವ, ವಾದ್ಯ ನುಡಿಸುವ ಹಿಮ್ಮೇಳದವರೂ ಇದ್ದಾರೆ. ಅವರಲ್ಲಿ ಚೆಂಡೆ ನುಡಿಸುವ ಒಬ್ಬರ ಶ್ರವಣ ನಕ್ಷೆಯ (ಯಾವ ಸ್ವರ ಎಷ್ಟು ಚೆನ್ನಾಗಿ ಕೇಳುತ್ತದೆ ಎಂದು ತೋರಿಸುವ ನಕ್ಷೆ) ಗೆರೆ 4000 ಹರ್ಟ್ಸ್‌ನ ಬಳಿ ತಗ್ಗಿ, 8000ಕ್ಕೆ ಹೋಗುವಾಗ ಮತ್ತೆ ತುಸು ಮೇಲೇರಿತ್ತು. ದೊಡ್ಡ ಸದ್ದಿನ ನಡುವೆ ವರ್ಷಗಟ್ಟಲೆ ದುಡಿದವರ ಕಿವಿಯಲ್ಲಿ ಸಾಮಾನ್ಯವಾಗಿ ಕಾಣಸಿಗುವ ಗುರುತು ಅದು. ಮುಚ್ಚಿದ ಕೋಣೆಯಲ್ಲಿ ತೆಗೆದ ಆ ನಕ್ಷೆ ಕಿವಿಗೆ ಏನಾಗಿದೆ ಎಂಬುದನ್ನು ಹೇಳುತ್ತದೆಯೇ ಹೊರತು, ಆಟದ, ಅಂದರೆ ಯಕ್ಷಗಾನ ಪ್ರದರ್ಶನದ, ಯಾವ ಹೊತ್ತಿನಲ್ಲಿ, ಎಲ್ಲಿಂದ, ಎಷ್ಟು ಸದ್ದು ಕಿವಿಗೆ ಬೀಳುತ್ತಿದೆ ಎಂಬುದನ್ನು ಹೇಳುವುದಿಲ್ಲ. ಆದ್ದರಿಂದ ಅವರ ಒಪ್ಪಿಗೆ ಪಡೆದು, ಮೈಮೇಲೆ ಧರಿಸುವ ಉಪಕರಣಗಳೊಂದಿಗೆ ಕೆಲವು ಆಟಗಳಿಗೆ ಅವರ ಜೊತೆಗೇ ಹೋದೆ.

ಅವರ ಹೆಗಲ ಮೇಲೆ ಒಂದು ಸಣ್ಣ ಶಬ್ದಮಾಪಕ, ಮಣಿಕಟ್ಟಿನಲ್ಲಿ ನಾಡಿ ನೋಡುವ ಸ್ಮಾರ್ಟ್‌ವಾಚ್. ಇಷ್ಟೇ ನನ್ನ ಸರಂಜಾಮು. ಶಬ್ದಮಾಪಕವು ಸದ್ದಿನ ಮಟ್ಟವನ್ನು ಮಾತ್ರ ಬರೆದಿಡುತ್ತದೆ, ಮಾತುಗಳನ್ನಲ್ಲ ಎಂಬುದನ್ನು ಕಲಾವಿದರು ವೇಷ ಕಟ್ಟುವ ಚೌಕಿಯಲ್ಲಿದ್ದ ಎಲ್ಲರಿಗೂ ಮೊದಲೇ ವಿವರಿಸಬೇಕಾಯಿತು. ಅದು ನ್ಯಾಯವೂ ಹೌದು. ಚೌಕಿಯ ಮಾತು ಚೌಕಿಯಲ್ಲೇ ಉಳಿಯಬೇಕು.

ಮೊದಲ ರಾತ್ರಿಯ ದಾಖಲೆಯಲ್ಲಿ ಅರ್ಧದಷ್ಟು ಕೆಲಸಕ್ಕೆ ಬಾರದ್ದಾಗಿತ್ತು. ಹೆಗಲ ಮೇಲಿನ ಶಾಲು ಮೈಕ್ರೊಫೋನಿಗೆ ಉಜ್ಜಿದಾಗಲೆಲ್ಲ ಪಟಾಕಿ ಸಿಡಿದಂತಹ ಏರಿಕೆಗಳು ಮೂಡಿದ್ದವು. ವಾಚಿನ ಕಥೆ ಇನ್ನೂ ಸ್ವಾರಸ್ಯಕರವಾಗಿತ್ತು. ಅದು ಚರ್ಮದ ಮೇಲೆ ಹಸಿರು ಬೆಳಕನ್ನು ಬೀರಿ, ರಕ್ತದ ಏರಿಳಿತಕ್ಕೆ ತಕ್ಕಂತೆ ಮರಳುವ ಬೆಳಕಿನಲ್ಲಾಗುವ ವ್ಯತ್ಯಾಸದಿಂದ ನಾಡಿಯನ್ನು ಎಣಿಸುತ್ತದೆ. ಆದರೆ ಕೈ ಲಯಬದ್ಧವಾಗಿ ಆಡುವಾಗ ಆ ಅಲುಗಾಟವೂ ಬೆಳಕನ್ನು ಅದೇ ಬಗೆಯಲ್ಲಿ ಏರಿಳಿಸುವುದರಿಂದ, ಯುದ್ಧದ ಪದ್ಯಗಳಿಗೆ ಪೆಟ್ಟು ಬಿಗಿಯಾದ ಕೂಡಲೇ ವಾಚಿನ ಎಣಿಕೆಯೂ ಗಾಬರಿ ಹುಟ್ಟಿಸುವಷ್ಟು ಏರಿತು. ವಾಚಿನ ಆ ನಕ್ಷೆಯನ್ನು ತೋರಿಸಿದಾಗ ಅವರು ನಕ್ಕು, "ಇದು ನನ್ನ ನಾಡಿ ಅಲ್ಲ ಮಾರಾಯ್ರೆ, ಚೆಂಡೆಯ ಪೆಟ್ಟು" ಎಂದರು. ಅವರ ಮಾತೇ ಸರಿಯಾಗಿತ್ತು. ಹೃದಯದ ವಿದ್ಯುತ್ ಸಂಕೇತವನ್ನು ಹಿಡಿಯುವ ಎದೆಪಟ್ಟಿಯನ್ನು ಮರುದಿನ ಕಟ್ಟಿ ನೋಡಿದರೆ, ಅದೇ ಬಗೆಯ ಪದ್ಯಗಳಲ್ಲಿ ನಾಡಿ ಅಷ್ಟೇನೂ ಏರಿರಲಿಲ್ಲ. ಮೈಕ್ರೊಫೋನನ್ನು ಶಾಲಿನ ಮೇಲ್ಭಾಗಕ್ಕೆ, ಕಿವಿಗೆ ಗೇಣುದ್ದದ ಒಳಗೆ ಬರುವಂತೆ ಸಿಕ್ಕಿಸಿ, ಗಾಳಿತಡೆಯ ಸ್ಪಂಜು ಹಾಕಿದ ಮೇಲೆ ಸುಳ್ಳು ಏರಿಕೆಗಳೂ ಬಹುಮಟ್ಟಿಗೆ ನಿಂತವು.

ಸದ್ದಿನ ಲೆಕ್ಕವನ್ನು ಇಲ್ಲಿ ಹೇಳಲೇಬೇಕು. ದುಡಿಯುವವರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ನಡೆಸುವ ಅಮೆರಿಕದ ನಯೋಶ್ (NIOSH) ಸಂಸ್ಥೆಯ ಶಿಫಾರಸಿನಂತೆ ದಿನಕ್ಕೆ 85 ಡೆಸಿಬೆಲ್‌ನಲ್ಲಿ 8 ಗಂಟೆ ಇರಬಹುದು. 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧವಾಗುತ್ತದೆ. ಅಂದರೆ 88ಕ್ಕೆ 4 ಗಂಟೆ, 100ಕ್ಕೆ ಕೇವಲ 15 ನಿಮಿಷ. ಈ ಕಾರಣದಿಂದಲೇ ಇಡೀ ರಾತ್ರಿಯ ಒಂದು ಅಂಕಿಯನ್ನು ಮಾತ್ರ ನೋಡಿದರೆ ಏನೂ ತಿಳಿಯುವುದಿಲ್ಲ. ಪಾತ್ರಗಳು ಮಾತಾಡುವ ಅರ್ಥಗಾರಿಕೆಯ ಹೊತ್ತಿನಲ್ಲಿ ಹಿಮ್ಮೇಳದ ಕಿವಿಗೆ ವಿರಾಮ ಸಿಗುತ್ತದೆ. ಯುದ್ಧ, ಒಡ್ಡೋಲಗಗಳ (ಪಾತ್ರಗಳ ವೈಭವದ ಪ್ರವೇಶ) ಕೆಲವೇ ನಿಮಿಷಗಳಲ್ಲಿ ದಿನದ ಪಾಲಿನ ಬಹುಭಾಗ ಖರ್ಚಾಗಿಬಿಡುತ್ತದೆ. ಫೋನಿನಲ್ಲಿ ಆಗಾಗ ಪ್ರಶ್ನೆ ಕಳುಹಿಸಿ ಉತ್ತರ ಪಡೆಯುವ ಪದ್ಧತಿ ಸಂಶೋಧನೆಯಲ್ಲಿ ಬಳಕೆಯಲ್ಲಿದೆಯಾದರೂ, ಎರಡು ಕೈಯಲ್ಲೂ ಕೋಲು ಹಿಡಿದವರು ಫೋನು ಒತ್ತುವುದಾದರೂ ಹೇಗೆ? ಹಾಗಾಗಿ ನಾನೇ ಪುಸ್ತಕ ಹಿಡಿದು ಕುಳಿತು, ಯಾವ ಪದ್ಯ, ಯಾವ ಸನ್ನಿವೇಶ ಎಂದು ಗಡಿಯಾರ ನೋಡಿ ಬರೆದುಕೊಂಡೆ.

ಆ ಪುಸ್ತಕವೇ ಕೊನೆಗೆ ಉಪಯೋಗಕ್ಕೆ ಬಂತು. ಚೆಂಡೆ ಮೌನವಾಗಿದ್ದು ಭಾಗವತರು ಮಾತ್ರ ಹಾಡುತ್ತಿದ್ದ ಹೊತ್ತಿನಲ್ಲೂ ಸದ್ದು ನಿರೀಕ್ಷಿಸಿದಷ್ಟು ಇಳಿದಿರಲಿಲ್ಲ. ಹಿಮ್ಮೇಳಕ್ಕೆಂದೇ ಇಟ್ಟಿದ್ದ ಧ್ವನಿವರ್ಧಕದ ಪೆಟ್ಟಿಗೆ ಚೆಂಡೆಯವರ ಕಿವಿಗೆ ನೇರವಾಗಿ ಮುಖ ಮಾಡಿತ್ತು. ಅದನ್ನು ದೂರ ಸರಿಸಿ ಓರೆಯಾಗಿ ಇಡಿಸಿದ್ದಕ್ಕೆ ಚಿಕ್ಕಾಸಿನ ಖರ್ಚೂ ಆಗಲಿಲ್ಲ. ಇಯರ್‌ಪ್ಲಗ್ ವಿಷಯದಲ್ಲಿ ಮಾತ್ರ ನಾನು ಮೊದಲು ತಪ್ಪಿದೆ: ಕಾರ್ಖಾನೆಗಳಲ್ಲಿ ಬಳಸುವ ಸ್ಪಂಜಿನ ಪ್ಲಗ್ ಮೇಲಿನ ಸ್ವರಗಳನ್ನು ಹೆಚ್ಚಾಗಿ ತಡೆಯುವುದರಿಂದ ಭಾಗವತರ ಸಾಹಿತ್ಯವೇ ಅಸ್ಪಷ್ಟವಾಗಿ, ಅವರು ಒಂದು ಪದ್ಯಕ್ಕೇ ಅದನ್ನು ಕಿತ್ತು ಜೇಬಿಗೆ ಹಾಕಿದರು. ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುವ, ಸಂಗೀತಗಾರರಿಗಾಗಿ ಮಾಡಿದ ಪ್ಲಗ್ಗನ್ನು ತರಿಸಿಕೊಟ್ಟ ಮೇಲೆ ಒಂದು ಕಿವಿಗಾದರೂ ಹಾಕಿಕೊಳ್ಳಲು ಒಪ್ಪಿದ್ದಾರೆ.

ಸದ್ದಿನಿಂದ ಚೆನ್ನಾಗಿ ವಿಶ್ರಾಂತಿ ಪಡೆದ ಕಿವಿಯ ಪರೀಕ್ಷೆ ಇನ್ನೂ ಬಾಕಿಯಿದೆ. ಅದಕ್ಕೆ ಮೇಳ ತಿರುಗಾಟ ಮುಗಿಸುವ, ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ನಂತರದ ದಿನಗಳೇ ಸರಿ. ಹೋದ ಸಲ ಜೂನ್ ತನಕ ಕಾದು, ತಗಡಿನ ಶೀಟಿನ ಮೇಲೆ ಬೀಳುವ ಮಳೆಯ ಅಬ್ಬರದಲ್ಲಿ ಸಣ್ಣ ಸ್ವರಗಳು ನನಗೇ ಕೇಳಿಸದೆ ಪರೀಕ್ಷೆಯನ್ನು ಅರ್ಧಕ್ಕೇ ಬಿಟ್ಟಿದ್ದೆ. ಈ ಸಲ ಮಳೆ ಹಿಡಿಯುವ ಮೊದಲೇ, ಬೆಳಿಗ್ಗೆ ಬರುತ್ತೇನೆಂದು ಅವರು ಹೇಳಿದ್ದಾರೆ.