ತಿಕ್ಕೋಕೆ ಆಗದ ಗೊಂಬೆ ಟ್ಯಾಂಕಿಗೆ ಬೇಡ

ಅಕ್ವೇರಿಯಂಗೆ ಅಂತ ಕೋಟೆಯೋ ಹಡಗೋ ಕೈಗೆತ್ತಿಕೊಂಡರೆ ನಾನು ಮೊದಲು ಅದನ್ನು ತಿರುಗಿಸಿ ತಳ ನೋಡುತ್ತೇನೆ. ಒಳಗೆ ಪೊಳ್ಳಿದ್ದು ಒಂದೇ ಸಣ್ಣ ತೂತಿದ್ದರೆ ವಾಪಸ್ ಇಟ್ಟುಬಿಡುತ್ತೇನೆ. ಅದರೊಳಗೆ ನೀರು ಓಡಾಡುವುದಿಲ್ಲ. ಮೀನಿನ ಹಿಕ್ಕೆ, ತಿಂದು ಬಿಟ್ಟ ಆಹಾರ ಎಲ್ಲ ಅಲ್ಲೇ ಸೇರಿ ಕೊಳೆಯುತ್ತದೆ. ಬ್ರಷ್ ಹೋಗುವುದಿಲ್ಲ, ಸಣ್ಣ ಮೀನು ಮಾತ್ರ ಹೇಗೋ ನುಗ್ಗಿ ಸಿಕ್ಕಿಹಾಕಿಕೊಳ್ಳುತ್ತದೆ. ಆರಿಸಿ ತಂದವರೇ ಆಮೇಲೆ ತಿಕ್ಕಬೇಕಲ್ವಾ?

ಪ್ಲಾಸ್ಟಿಕ್ ಗಿಡಕ್ಕೆ ನನ್ನದು ಸುಲಭದ ಪರೀಕ್ಷೆ. ಹಳೆಯ ನೈಲಾನ್ ಕಾಲುಚೀಲವನ್ನು ಎಲೆಗಳ ಮೇಲೆ ಎಳೆಯುತ್ತೇನೆ. ಎಳೆ ಸಿಕ್ಕಿಕೊಂಡರೆ ಫೈಟರ್ ಮೀನಿನ ರೆಕ್ಕೆಯೂ ಹರಿಯುತ್ತದೆ ಅಂತಲೇ ಲೆಕ್ಕ. ಅದರ ಬದಲು ಜಾವಾ ಫರ್ನ್, ಅನುಬಿಯಾಸ್‌ನಂಥ ನಿಜವಾದ ನೀರಿನ ಗಿಡಗಳೇ ನನಗೆ ಇಷ್ಟ. ಕಡಿಮೆ ಬೆಳಕು ಸಾಕು, ಮಣ್ಣೂ ಬೇಡ. ಮರದ ತುಂಡಿಗೆ ದಾರದಲ್ಲಿ ಕಟ್ಟಿಬಿಟ್ಟರಾಯ್ತು. ಬೇರು ಬಿಡುವ ದಪ್ಪ ಕಾಂಡವನ್ನು ಮರಳಲ್ಲಿ ಹೂಳಬಾರದು ಅಷ್ಟೇ, ಕೊಳೆತುಹೋಗುತ್ತದೆ.

ಕಲ್ಲಿನ ವಿಷಯ ಸ್ವಲ್ಪ ನಿಧಾನದ್ದು. ಒಣಗಿದ ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟು ಕಣ್ಣು ಹತ್ತಿರ ತಂದು ನೋಡುತ್ತೇನೆ. ಸಣ್ಣ ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದಂಶ ಇದೆ ಅಂತ. ಅದು ಕರಗುತ್ತಾ ನೀರಿನ ಗಡಸುತನ, ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನೋ ಅಳತೆ) ಎರಡನ್ನೂ ಏರಿಸುತ್ತದೆ. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಮೀನುಗಳಿಗೆ ಅಂಥ ನೀರೇ ಬೇಕು, ನಿಯಾನ್ ಟೆಟ್ರಾ ಮೀನಿಗೆ ಆಗಿಬರುವುದಿಲ್ಲ. ಚಿಪ್ಪು, ಹವಳದ ಕಥೆಯೂ ಇದೇ. ವಿನೆಗರ್ ತುಂಬಾ ಜೋರಿನ ಆಮ್ಲವೇನಲ್ಲ. ಹಾಗಾಗಿ ಗುಳ್ಳೆ ಬರದಿದ್ದರೂ ಕಲ್ಲನ್ನು ಒಂದು ವಾರ ಬಕೆಟ್ ನೀರಲ್ಲಿಟ್ಟು ಮೊದಲು, ಕೊನೆಗೆ ಪಿಎಚ್ ಅಳೆಯುತ್ತೇನೆ. ದೊಡ್ಡ ಕಲ್ಲನ್ನು ತಳದಲ್ಲಿ ಗಟ್ಟಿಯಾಗಿ ಕೂರಿಸಿ ಆಮೇಲೆ ಸುತ್ತ ಮರಳು ಸುರಿಯಬೇಕು. ಮರಳಿನ ಮೇಲಿಟ್ಟರೆ, ಅಗೆಯುವ ಮೀನುಗಳು ಬುಡ ಸಡಿಲಿಸಿ ಉರುಳಿಸುತ್ತವೆ.

ಡ್ರಿಫ್ಟ್‌ವುಡ್, ಅಂದರೆ ಟ್ಯಾಂಕಿಗೆ ಇಡುವ ಒಣ ಮರದ ತುಂಡನ್ನು ಕುದಿಸಿ, ತಾನಾಗಿ ಮುಳುಗುವ ತನಕ ನೀರು ಬದಲಿಸುತ್ತಾ ನೆನೆಹಾಕುತ್ತೇನೆ. ಅಷ್ಟಾದರೂ ಮರ ತನ್ನೊಳಗಿನ ಟ್ಯಾನಿನ್ ಅನ್ನೋ ಕಂದು ಅಂಶ ಬಿಟ್ಟು ಟ್ಯಾಂಕಿನ ನೀರು ತೆಳು ಟೀ ಬಣ್ಣಕ್ಕೆ ತಿರುಗಬಹುದು. ಮೀನಿಗೆ ತೊಂದರೆಯಿಲ್ಲ, ನನಗಂತೂ ಆ ಬಣ್ಣವೇ ಚಂದ. ಶುರುವಿನಲ್ಲಿ ಮರದ ಮೇಲೆ ಬಿಳಿ ಲೋಳೆ ಬಂದರೂ ಗಾಬರಿ ಬೇಡ. ಸಿಗಡಿ, ಬಸವನಹುಳು ಇದ್ದರೆ ಅವೇ ತಿಂದು ಮುಗಿಸುತ್ತವೆ.

ತೊಳೆಯುವಾಗ ಎಲ್ಲವನ್ನೂ ಒಟ್ಟಿಗೆ ಹೊರತೆಗೆಯುವುದಿಲ್ಲ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಷ್ಟೇ ಅಲ್ಲ, ಕಲ್ಲು, ಮರದ ಮೇಲೂ ಇರುತ್ತವೆ. ನೀರು ಬದಲಿಸುವ ದಿನ ತೆಗೆದ ಟ್ಯಾಂಕ್ ನೀರಲ್ಲೇ ಒಂದೆರಡು ವಸ್ತು ಅದ್ದಿ ಹಳೆಯ ಟೂತ್‌ಬ್ರಷ್‌ನಲ್ಲಿ ತಿಕ್ಕುತ್ತೇನೆ. ಉಳಿದದ್ದು ಮುಂದಿನ ಸಲ. ಸೋಪು ಮಾತ್ರ ಮುಟ್ಟಿಸುವುದಿಲ್ಲ.

ಪಾಚಿ ಹಟ ಹಿಡಿದು ಕೂತರೆ, ಕಲ್ಲು, ಪ್ಲಾಸ್ಟಿಕ್‌ಗೆ ಮಾತ್ರ ಬ್ಲೀಚ್. ಪರಿಮಳ ಇಲ್ಲದ ಬ್ಲೀಚ್ 1 ಪಾಲು, ನೀರು 19 ಪಾಲು, ಹತ್ತು ನಿಮಿಷ. ಚೆನ್ನಾಗಿ ತೊಳೆದು, ಆಂಟಿಕ್ಲೋರಿನ್ (ಕ್ಲೋರಿನ್ ತೆಗೆಯುವ ದ್ರಾವಣ) ಹಾಕಿದ ನೀರಲ್ಲಿ ನೆನೆಸಿ, ವಾಸನೆ ಪೂರ್ತಿ ಹೋದ ಮೇಲೆ ಒಳಗೆ. ಮರ ಬ್ಲೀಚ್ ಹೀರಿಕೊಳ್ಳುತ್ತದೆ, ಅದಕ್ಕೆ ಬೇಡವೇ ಬೇಡ. ಅಷ್ಟಾದರೂ ಪಾಚಿ ಬೇಗ ವಾಪಸ್ ಬಂದರೆ ದೀಪದ ಕಡೆ ನೋಡಿ. ದಿನಕ್ಕೆ 6ರಿಂದ 8 ಗಂಟೆ ಬೆಳಕು ಸಾಕು, ನಾನು ಟೈಮರ್ ಹಾಕಿದ್ದೇನೆ. ಇನ್ನು ಬಣ್ಣ ಕಿತ್ತು ಬರುತ್ತಿರುವ ಗೊಂಬೆಯನ್ನು ತಿಕ್ಕುತ್ತಾ ಕೂರಬೇಡಿ, ಸುಮ್ನೆ ಬಿಸಾಡಿ.