ಪ್ರಾಜೆಕ್ಟ್‌ಗೆ ನಂಬುವಂಥ ಲೇಖನ ಬೇಕಾ? ಎರಡು ಟಿಕ್ ಸಾಕು

ಬಿ.ಎಡ್., ಎಂ.ಎಡ್. ಓದುತ್ತಿರುವವರು ಗಮನಿಸಿ: ಗೂಗಲ್‌ನಲ್ಲಿ ಸುಮ್ನೆ ತಡಕಾಡುವ ಬದಲು 'ಎರಿಕ್' (ERIC) ಜಾಲತಾಣದಲ್ಲಿ ಹುಡುಕಿ, ಹುಡುಕುವ ಪೆಟ್ಟಿಗೆಯ ಕೆಳಗಿರುವ 'ಪಿಯರ್ ರಿವ್ಯೂಡ್ ಓನ್ಲಿ', 'ಫುಲ್ ಟೆಕ್ಸ್ಟ್' ಎರಡಕ್ಕೂ ಟಿಕ್ ಹಾಕಿ. ಎರಿಕ್ ಅಂದ್ರೆ ಅಮೆರಿಕ ಸರ್ಕಾರದ ಶಿಕ್ಷಣ ಇಲಾಖೆ ನಡೆಸುವ, ಶಿಕ್ಷಣದ ಲೇಖನಗಳ ಉಚಿತ ಭಂಡಾರ. ಮೊದಲ ಟಿಕ್ ಬೇರೆ ತಜ್ಞರು ಓದಿ ಒಪ್ಪಿದ ಲೇಖನಗಳನ್ನಷ್ಟೇ ಉಳಿಸುತ್ತದೆ, ಎರಡನೆಯದು ಪೂರ್ತಿ ಪಿಡಿಎಫ್ ಸಿಗುವಂಥವನ್ನು. ಒಂದು ಒಳ್ಳೆ ಲೇಖನ ಸಿಕ್ಕಿತು ಅಂದ್ರೆ ಅದರ 'ಡಿಸ್ಕ್ರಿಪ್ಟರ್ಸ್' (ವಿಷಯ ಸೂಚಿಸುವ ಪದಗಳು) ಸಾಲು ನೋಡಿ. ಮಕ್ಕಳ ಲೆಕ್ಕದ ಭಯ ಅಂತ ನಾವು ಹೇಗೆ ಹೇಗೋ ಹುಡುಕುತ್ತೇವೆ, ಅಲ್ಲಿ ಅದಕ್ಕೆ 'ಮ್ಯಾಥಮ್ಯಾಟಿಕ್ಸ್ ಆಂಕ್ಸೈಟಿ' ಅಂತಲೇ ಹೆಸರು. ಅದನ್ನು ಒತ್ತಿದರೆ ಅದೇ ವಿಷಯದ್ದು ಸಾಲಾಗಿ ಬರುತ್ತವೆ. ಆದರೆ ನಲಿಕಲಿ, ಕನ್ನಡ ಮಾಧ್ಯಮ, ಮಂಡ್ಯದ ಹಳ್ಳಿ ಶಾಲೆ ಅಂತ ಹೊರಟರೆ ಇಲ್ಲಿ ಜಾಸ್ತಿ ಸಿಗಲ್ಲ. ಅದಕ್ಕೆ ನಮ್ಮ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳಿರುವ 'ಶೋಧಗಂಗಾ'ವೇ ಸರಿ. ಅಲ್ಲಿ ಮಾತ್ರ ಕಣ್ಣುಮುಚ್ಚಿ ನಂಬಬೇಡಿ, ಗುಣಮಟ್ಟ ಒಂದೇ ಸಮ ಇರಲ್ಲ. ಎಷ್ಟು ಶಾಲೆ, ಎಷ್ಟು ಮಕ್ಕಳನ್ನು ನೋಡಿದ್ದಾರೆ ಅಂತ ವಿಧಾನದ ಅಧ್ಯಾಯವನ್ನು ಮೊದಲು ಓದಿ. ಹಳೆಯ ಮುದ್ರಿತ ವರದಿ ಬೇಕಿದ್ದರೆ ಮೈಸೂರಿನ ಮಾನಸಗಂಗೋತ್ರಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಗ್ರಂಥಾಲಯದಲ್ಲಿ ವಿಚಾರಿಸಿ. ಹೊರಗಿನವರಾದರೆ ಕಾಲೇಜಿನ ಪತ್ರ ಕೈಯಲ್ಲಿರಲಿ.